ಹತ್ತೊಂಬತ್ತು ನಿಮಿಷ

ಕೊನೆಯ ಕಂತು ಬಂದ ಭಾನುವಾರ
ಕೋತ್ಕಾ ಊರಿನ ನೀರು ಸರಬರಾಜು ಕೇಂದ್ರದಲ್ಲಿ
ರಾತ್ರಿ ಪಾಳಿ ನನ್ನದು.
ಚೀಟಿ ಎತ್ತಿದ್ದೆವು, ಸೋತೆ.
ಬುತ್ತಿಯ ಜೊತೆ ಹೆಲ್ವಿ ಕಟ್ಟಿಕೊಟ್ಟದ್ದು ಒಂದೇ ಮಾತು:
'ಬಂದ ಮೇಲೆ ಕೇಳಬೇಡ, ಹೇಳೋದಿಲ್ಲ.'

ಟೀವಿ ಇಲ್ಲದ ಕೋಣೆ. ಗಾಜಿನಾಚೆ ಮೈನಸ್ ಹದಿನೆಂಟು.
ಎದುರಿಗೆ ಕಾಗದದ ಸುರುಳಿ, ಅದರ ಮೇಲೆ
ನೀಲಿ ಮಸಿಯ ಮುಳ್ಳು,
ಊರಿನ ಬಾಯಾರಿಕೆ ಬರೆಯುತ್ತ ಕೂತ ಗುಮಾಸ್ತ.

ಒಂಬತ್ತಕ್ಕೆ ಊರು ನಿಂತಿತು.
ಪಾತ್ರೆ ತೊಳೆಯುವವರಿಲ್ಲ, ಹಲ್ಲುಜ್ಜುವವರಿಲ್ಲ,
ಸೌನಾದ ಕಾದ ಕಲ್ಲಿಗೆ ನೀರೆರಚುವ ಕೈಯಿಲ್ಲ.
ಮುಳ್ಳು ಎಳೆದದ್ದು
ಸತ್ತವನ ನಾಡಿಯಂಥ ನೇರ ಗೆರೆ.

ಹತ್ತಕ್ಕೆ ಗೆರೆ ಬಾವಿಗೆ ಬಿತ್ತು.
ಐವತ್ತು ಸಾವಿರ ಜನ, ಒಮ್ಮೆಗೇ, ಶೌಚಕ್ಕೆ.
ಮೂರೂ ಪಂಪು ಹಾಕಿದೆ, ಬೈದೆ, ನಕ್ಕೆ.
ಕಥೆ ಮುಗಿಯಿತೆಂದು ನನಗೆ ತಿಳಿದದ್ದು ಹಾಗೆ.

ಆಯಿತು, ಇಪ್ಪತ್ತೇಳು ವರ್ಷ.
ಇನ್ಸ್‌ಪೆಕ್ಟರ್ ಹಾಪಾಲಾ ಮಾತ್ರ ಊರು ಬಿಡಲಿಲ್ಲ.
ವಿಚಾರಣೆಯಲ್ಲಿ ಆಕೆ ಕೂರುತ್ತಿರಲಿಲ್ಲ ನೋಡಿ,
ಈಗ ನಮ್ಮ ಪೊಲೀಸರೂ ಕೂರುವುದಿಲ್ಲ,
ಬ್ಯಾಂಕಿನಲ್ಲಿ ಸಾಲ ಕೊಡುವವಳೂ ಕೂರುವುದಿಲ್ಲ,
ನನ್ನ ಹಲ್ಲಿನ ಡಾಕ್ಟರು ಕಿಟಕಿಯ ಬಳಿ ನಿಂತು ಕೇಳುತ್ತಾನೆ:
'ನೋವು ಶುರುವಾದದ್ದು ಸರಿಯಾಗಿ ಯಾವಾಗ?'
ಅವಳ ಹಸಿರು ಥರ್ಮಾಸು ಇಲ್ಲದ ಮನೆಯಿಲ್ಲ.

ನಮ್ಮ ಬಂದರಿಗೆ ಕಟ್ಟೆಗಳು ಏಳೇ.
ಕೊಲೆ ನಡೆದದ್ದು ಎಂಟನೆಯದರಲ್ಲಿ.
ಒಸಾಕಾದಿಂದ, ಪೋರ್ಟೊದಿಂದ ಜನ ಬಂದು ಎಲ್ಲಿ ಎಲ್ಲಿ ಎಂದರು;
ಪುರಸಭೆ ಮೂರು ಸಲ ಸಭೆ ಸೇರಿ
ಹಳೆಯ ಮೀನು ಗೋದಾಮಿನ ಗೋಡೆಗೆ ಎಂಟು ಬರೆಸಿತು.
ಈಗ ಪೈಲಟ್ ದೋಣಿಯವರೇ ರೇಡಿಯೋದಲ್ಲಿ
'ಎಂಟಕ್ಕೆ ಬನ್ನಿ' ಎನ್ನುತ್ತಾರೆ.
ಹಡಗುಗಳೂ ಬರುತ್ತವೆ.

ಕೊನೆಯನ್ನು ನಾನಿನ್ನೂ ನೋಡಿಲ್ಲ.
ಭಾವ ಕೊಂದನೆಂದು ಹೆಲ್ವಿ (ಮೂರೇ ದಿನ ತಡೆದಳು);
ಭಾವನಲ್ಲ, ಕೊಂದದ್ದು ಊರೇ ಎಂದು ಪಾದ್ರಿ;
ಹಾಪಾಲಾ ಹೆಪ್ಪುಗಟ್ಟಿದ ಸಮುದ್ರದ ಮೇಲೆ ನಡೆದುಹೋದ ಮೇಲೆ
ತೆರೆ ನಲವತ್ತು ಸೆಕೆಂಡು ಬರೀ ಬಿಳಿ,
ಕೆಟ್ಟಿತೆಂದು ಜನ ಟೀವಿಯ ತಲೆಗೆ ಬಡಿದರಂತೆ.

ನನ್ನ ಪ್ರಕರಣ ಬೇರೆ.
ಆ ಕಾಗದ ಮಡಚಿ ಮನೆಗೆ ತಂದಿದ್ದೆ.
ನೇರ ಗೆರೆಯಲ್ಲಿ ಒಂದು ಸಣ್ಣ ತಗ್ಗು:
ಆರನೆಯ ವಲಯದಲ್ಲಿ, ಒಂಬತ್ತು ಇಪ್ಪತ್ತೆರಡಕ್ಕೆ
ಯಾರೋ ನಲ್ಲಿ ತಿರುಗಿಸಿದ್ದಾರೆ,
ಒಂಬತ್ತು ನಲವತ್ತೊಂದಕ್ಕೆ, ಕತ್ತರಿಸಿದ ಹಾಗೆ, ನಿಲ್ಲಿಸಿದ್ದಾರೆ.
ಯಾರು?
ಮದುವೆಯಲ್ಲಿ, ಕ್ಷೌರದಂಗಡಿಯಲ್ಲಿ, ಒಮ್ಮೆ ಶವಯಾತ್ರೆಯಲ್ಲೂ
ಕೇಳಿದೆ: ಆ ರಾತ್ರಿ ನೀವೆಲ್ಲಿದ್ದಿರಿ?
ನಿಂತೇ ಕೇಳಿದೆ.
ಇಡೀ ಊರಿನದು ಒಂದೇ ಉತ್ತರ, ಒಂದೇ ಸೋಫಾ.

ಕಳೆದ ಮಾರ್ಚಿನಲ್ಲಿ ವೃದ್ಧಾಶ್ರಮದ ಪೈಪು ನೋಡಲು ಹೋದಾಗ
ಸೈಮಿ ಪುಕ್ಕಿಲಾ, ಹಗ್ಗದ ಕಾರ್ಖಾನೆಯಲ್ಲಿ ದುಡಿದವಳು,
ಹೆಣಿಗೆಯಿಂದ ತಲೆಯೆತ್ತದೆ ಒಪ್ಪಿಕೊಂಡಳು.

'ಟೀವಿ ಮಾರಿ ಒಂದು ವಾರ. ಹಲ್ಲಿನ ಸೆಟ್ಟಿಗೆ ದುಡ್ಡು ಬೇಕಿತ್ತು.
ಪರದೆಗಳನ್ನಾದರೂ ಒಗೆಯೋಣವೆಂದು ತೊಟ್ಟಿಗೆ ನೀರು ಬಿಟ್ಟೆ.
ಸಣ್ಣ ಧಾರೆ, ದೊಡ್ಡ ತೊಟ್ಟಿ.
ಇದ್ದಕ್ಕಿದ್ದಂತೆ ಮೇಲಿನ ಮನೆ, ಕೆಳಗಿನ ಮನೆ, ಪಕ್ಕದ ಗೋಡೆ
ಎಲ್ಲ ಒಟ್ಟಿಗೆ ಹಾ ಎಂದವು.
ಯುದ್ಧವೇ ಮತ್ತೆ ಬಂತೆಂದುಕೊಂಡು ನಲ್ಲಿ ನಿಲ್ಲಿಸಿದೆ.'

ನಿಲ್ಲಿಸಿ?

'ದೀಪ ಆರಿಸಿ ಕೂತೆ. ಹತ್ತಕ್ಕೆ ಗೋಡೆಯೊಳಗೆಲ್ಲ ನೀರಿನ ಸದ್ದು.
ಸದ್ಯ, ಬದುಕಿದ್ದಾರೆ ಅಂತ
ಪರದೆ ಒಗೆದೆ.'

ಕೊಂದವನಾರೆಂದು ಅವಳಿಗೂ ಗೊತ್ತಿಲ್ಲ. ಕೇಳಲೂ ಇಲ್ಲ.
ಥರ್ಮಾಸಿನಿಂದ ಕಾಫಿ ಬಗ್ಗಿಸಿಕೊಟ್ಟೆ,
ಹಸಿರು ಥರ್ಮಾಸು, ಇನ್ನೇನು.
ಆಮೇಲೆ ಕುರ್ಚಿ ಎಳೆದು
ಕೂತೆ.